ಅಂಗಳದಲ್ಲಿ ಎದ್ದ ಗುಡಾರ

ಬೆರಳುಗಳ ಚೌಕಟ್ಟಿನೊಳಕ್ಕೆ ಎಡಗಡೆಯಿಂದ ಒಂದು ಕುದುರೆ ನುಗ್ಗಿತು, ಕಂದು ಕುದುರೆ, ಇದನ್ನು ಯಾರು ಕರೆದರು, ಕುದುರೆಗಳೆಲ್ಲ ನಾಳೆಗಲ್ಲವೇ — ಜಿಬೇಕ್ ಹೆಬ್ಬೆರಳು ತೋರುಬೆರಳು ಜೋಡಿಸಿ ಮಾಡಿಕೊಂಡಿದ್ದ ಪುಟ್ಟ ಕಿಟಕಿಯನ್ನು ಮುಖದಿಂದ ಇನ್ನಷ್ಟು ದೂರ ಹಿಡಿದಳು, ಹೊಳೆಯಾಚೆಯ ದಾರಿ, ದಾರಿಯಲ್ಲಿ ಏಳುತ್ತಿರುವ ಧೂಳು, ಧೂಳಿನ ಹಿಂದೆ ಊರಿನ ತಗಡಿನ ಮಾಡುಗಳು, ಅದರ ಹಿಂದೆ ಇನ್ನೂ ಹಿಮ ಬಿಡದ ಬೆಟ್ಟದ ಕಂಡಿ, ಎಲ್ಲ ಅಚ್ಚುಕಟ್ಟಾಗಿ ಕೂತಿದೆ, ಕುದುರೆಗೆ ಮಾತ್ರ ಅವಸರ, ಅಷ್ಟು ಓಡಿಸಬೇಡ ಮಾರಾಯ, ನಿಧಾನ ದಾಟು, ನೋಡುವವರಿಗೆ ನಿನ್ನ ಬೆನ್ನಾದರೂ ಕಾಣಲಿ. ಸವಾರ ಮುದುಕ. ಬಿಳಿ ಟೋಪಿಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದಾನೆ, ಚೆನ್ನಾಗಿದೆ, ಇದನ್ನು ನಾಳೆಯೂ ಮಾಡಿಸಬೇಕು, ಹೇಳಿಕೊಟ್ಟರೆ ಇಷ್ಟು ಸಹಜವಾಗಿ ಬರುವುದಿಲ್ಲ, ಬಾರದಿದ್ದರೆ ಬೇಡ. ಚಿತ್ರೀಕರಣದ ಹಿಂದಿನ ದಿನ ಅವಳು ಹೀಗೆ ಒಬ್ಬಳೇ ಬರುತ್ತಾಳೆ, ಪ್ರತಿ ಸಿನಿಮಾಕ್ಕೂ, ಕ್ಯಾಮೆರಾ ಇಲ್ಲದೆ, ಕ್ಯಾಮೆರಾದವನೂ ಇಲ್ಲದೆ, ದೃಶ್ಯ ಯಾವ ಹೊತ್ತಿನದೋ ಅದೇ ಹೊತ್ತಿಗೆ ಬಂದು ಆ ಜಾಗದಲ್ಲಿ ನಿಲ್ಲುತ್ತಾಳೆ, ಪಾತ್ರಗಳು ಕೂರುವಲ್ಲಿ ಕೂರುತ್ತಾಳೆ, ಬೀಳುವಲ್ಲಿ ಬೀಳುತ್ತಾಳೆ ಕೂಡ, ಯಾರೂ ನೋಡದಿದ್ದರೆ. ಮಾಸ್ಕೋದಲ್ಲಿ ಕಲಿಸಿದ ಮುದುಕ ಗುರು ಹೇಳುತ್ತಿದ್ದ, ಸಿನಿಮಾ ಮಾಡೋಕೆ ಹೊರಟವರು ಮೊದಲು ಕಣ್ಮುಚ್ಚಿ ಅದನ್ನು ಪೂರ್ತಿ ನೋಡಿರಬೇಕು, ನೋಡಿಲ್ದೆ ಇದ್ರೆ ಮನೆಗೆ ಹೋಗಿ ಮಲ್ಕೊಳ್ಳಿ, ಬೇರೆಯೋರ ಟೈಮ್ ಹಾಳು ಮಾಡ್ಬೇಡಿ. ಅವಳು ಪೂರ್ತಿ ನೋಡಿದ್ದಳು. ಒಂದು ದೃಶ್ಯ ಬಿಟ್ಟು.

ಬಿಷ್ಕೆಕ್ಕಿನ ಮನೆಯ ಅಡುಗೆಮನೆ ಗೋಡೆಯ ತುಂಬ ಚೌಕ ಚೌಕ ಚಿತ್ರಗಳು, ಚಳಿಗಾಲವಿಡೀ ಪೆನ್ಸಿಲ್ಲಿನಲ್ಲಿ ಬರೆದದ್ದು, ಕುಕ್ಕರಿನ ಹಬೆಗೆ ಸುರುಟಿಕೊಂಡಿವೆ, ಹುಡುಗ ಕುದುರೆಗೆ ತಡಿ ಬಿಗಿಯುವುದು, ಹುಡುಗ ಕಂಡಿಯತ್ತ ಏರುವುದು, ಹಿಮ, ಹಿಮ, ಮತ್ತೂ ಹಿಮ — ಅದಕ್ಕೆ ಪೆನ್ಸಿಲ್ ಬೇಕಾಗಿಯೇ ಇರಲಿಲ್ಲ, ಖಾಲಿ ಹಾಳೆ ಅಂಟಿಸಿದ್ದಳು, ಕ್ಯಾಮೆರಾದ ವೀತ್ಯಾ ನೋಡಿ ನಕ್ಕಿದ್ದ, ಇದನ್ನ ಬರಿಯೋಕೆ ಎಷ್ಟು ದಿನ ತಗೊಂಡ್ರಿ ಮೇಡಂ ಅಂತ. ಅವನಿಗೆ ಹೇಳಲಿಲ್ಲ, ಒಂಬತ್ತು ವರ್ಷ ಅಂತ. ಎಲ್ದಿಯಾರ್, ಅವಳ ತಮ್ಮ, ವಸಂತದ ಕೊನೆಯ ಹಿಮ ಬೀಳುವ ಮುನ್ನ ತಪ್ಪಿಸಿಕೊಂಡ ಹೆಣ್ಣುಕುದುರೆಗಳನ್ನು ಹುಡುಕಿಕೊಂಡು ಆ ಕಂಡಿಯತ್ತ ಹೋದವನು ಬರಲಿಲ್ಲ, ಅವನು ಹತ್ತಿದ್ದ ಕುದುರೆ ಬಂತು, ತಡಿ ಹೊಟ್ಟೆಯ ಕೆಳಗೆ ಜಾರಿ ನೇತಾಡುತ್ತಿತ್ತು, ಊರಿನವರೆಲ್ಲ ಕೋಲು ಹಿಡಿದು ಹಿಮ ಚುಚ್ಚಿ ಚುಚ್ಚಿ ನೋಡಿದರು, ಹಿಮ ಕರಗಿದ ಮೇಲೆ ಮತ್ತೆ ನೋಡಿದರು, ಸಿಗಲಿಲ್ಲ, ಅಷ್ಟೇ ಕಥೆ, ಅದೇ ಸಿನಿಮಾ. ಸತ್ತಿದ್ದಾನೆ. ಅದನ್ನು ಅವಳು ಮೊದಲ ವಾರವೇ ಒಪ್ಪಿಕೊಂಡಳು, ಊರಲ್ಲಿ ಎಲ್ಲರಿಗಿಂತ ಮೊದಲು, ಎಂಥ ಕಲ್ಲೆದೆ ಹೆಂಗಸು ಎಂದು ಬಂಧುಗಳು ಆಡಿಕೊಂಡರು, ಆಡಿಕೊಳ್ಳಲಿ, ಯಾರಾದರೂ ಒಬ್ಬರಿಗೆ ಬುದ್ಧಿ ನೆಟ್ಟಗಿರಬೇಕಲ್ಲ. ಸಿನಿಮಾದಲ್ಲೂ ಹುಡುಗ ಸಾಯುತ್ತಾನೆ, ವಾಪಸು ಬರುವುದು, ಬಾಗಿಲಲ್ಲಿ ನೆರಳು, ಅಂಥ ಬೂಟಾಟಿಕೆ ಯಾವುದೂ ಇಲ್ಲ, ಹಣ ಹಾಕುವವರು ಕೇಳಿದ್ದರು, ಕೊನೇಲಿ ಸ್ವಲ್ಪ ಆಸೆ ಇಡೋಕಾಗಲ್ವಾ ಜಿಬೇಕ್ ಏಜೆ, ಏಜೆ ಅಂದರೆ ಅಕ್ಕ, ಏನಾದರೂ ಬೇಕಾದಾಗ ಎಲ್ಲರಿಗೂ ಅವಳು ಅಕ್ಕನೇ, ಆಗಲ್ಲ ಅಂದಿದ್ದಳು. ಕೊನೆಯಲ್ಲಿ ತಾಯಿ ಗುಡಾರದೊಳಗೆ ಕೂತು ಕೊಶೋಕ್ ಹಾಡುತ್ತಾಳೆ, ಸತ್ತವರಿಗೆ ಹೆಂಗಸರು ಅತ್ತು ಹಾಡುವ ಹಾಡು, ಅಲ್ಲಿಗೆ ಮುಗಿಯಿತು. ಆ ಚೌಕ ಮಾತ್ರ ಗೋಡೆಯ ಮೇಲೆ ಇಲ್ಲ. ಬರೆಯಲು ಕೂತಾಗಲೆಲ್ಲ ಚಹಾ ಕುದಿಯುತ್ತಿತ್ತು, ಫೋನು ಬರುತ್ತಿತ್ತು, ಏನಾದರೊಂದು.

ತಾಯಿಯ ಪಾತ್ರದ ರಖಿಯಾ ಏಜೆ ಒಳ್ಳೆಯ ನಟಿ, ರಂಗಭೂಮಿಯಲ್ಲಿ ಕೂದಲು ಬೆಳ್ಳಗಾದವರು, ಅವರಿಗೆ ಮಾತು ಓದಿಸದೆ ತಿಂಗಳೊಪ್ಪತ್ತು ಬರೀ ಹಿಟ್ಟು ನಾದಿಸಿದ್ದಳು, ಹಾಲು ಕರೆಸಿದ್ದಳು, ಸಗಣಿ ತಟ್ಟಿಸಿದ್ದಳು, ಅವರು ನಗುತ್ತಿದ್ದರು, ನನ್ನನ್ನ ಸೊಸೆ ಮಾಡ್ಕೊಳ್ಳೋಕೆ ನೋಡ್ತಿದೀಯೇನೇ ಹುಡುಗಿ, ಈ ವಯಸ್ಸಲ್ಲಿ ಗಂಡು ಯಾರೇ. ಕೈಗಳು ಈಗ ಪಳಗಿವೆ, ನಡಿಗೆ ಬಂದಿದೆ, ಆದರೆ ಹಾಡು? ಅವರು ಹಾಡಿದರೆ ರಂಗಭೂಮಿ ಕೇಳಿಸುತ್ತದೆ, ಕೊನೆಯ ಸಾಲಿನಲ್ಲಿ ಕೂತವನಿಗೂ ತಲುಪುವ ಹಾಗೆ, ಹಾಗಲ್ಲ ಏಜೆ, ಕೇಳಿಸಬಾರದು, ಅಳು ಯಾರಿಗೂ ಕೇಳಿಸೋಕೆ ಅಲ್ಲ, ಮತ್ಯಾಕೆ ಹಾಡೋದು ಅಂತಾರೆ ಅವರು, ಅವಳು ಹಿಟ್ಟಿನ ಪಾತ್ರೆಯನ್ನು ಮತ್ತೆ ಅವರ ಮುಂದೆ ತಳ್ಳುತ್ತಾಳೆ. ಸುತ್ತಮುತ್ತಲ ಊರಲ್ಲಿ ಕೊಶೋಕ್ ಎಂದರೆ ಅಪಾ, ಅವಳ ಅವ್ವ ಉಲ್ಕಾನ್, ಯಾರ ಮನೆಯಲ್ಲಿ ಸಾವಾದರೂ ಕರೆದುಕೊಂಡು ಹೋಗುತ್ತಿದ್ದರು, ಅವಳ ದನಿಗೆ ಗಂಡಸರೂ ಒರಗಿ ನಿಂತ ಕೋಲು ಬಿಟ್ಟು ಕುಸಿಯುತ್ತಿದ್ದರು, ಅಂಥವಳು ಒಂಬತ್ತು ವರ್ಷದಿಂದ ಬಾಯಿ ಬಿಟ್ಟಿಲ್ಲ. ಮಗನಿಗಂತೂ ಹಾಡಲೇ ಇಲ್ಲ. ಗುಡಾರ ಎಬ್ಬಿಸಲಿಲ್ಲ, ಅವನ ಬಟ್ಟೆ ಹಂಚಲಿಲ್ಲ, ನಲವತ್ತನೆಯ ದಿನದ ಊಟ ಹಾಕಲಿಲ್ಲ. ಗುರುವಾರ ಸಂಜೆ ಹಿಟ್ಟಿನ ಉಂಡೆ ಕರಿದು ಎಣ್ಣೆಯ ಹೊಗೆ ಏಳಿಸಿ ಸತ್ತವರ ಹೆಸರು ಹೇಳುತ್ತಾಳಲ್ಲ, ಗಂಡ ಶೇರಾಲಿ, ಮಾವ, ಅತ್ತೆ, ಹುಟ್ಟಿದ ದಿನವೇ ಹೋದ ಕೂಸು, ಜಿಬೇಕ್ ಬಾಗಿಲ ಹಿಂದೆ ನಿಂತು ಕಿವಿಗೊಟ್ಟು ಕೇಳುತ್ತಾಳೆ, ಆ ಕೂಸಾದ ಮೇಲೆ ಅಪಾ ಒಂದು ಉಸಿರು ತೆಗೆದುಕೊಂಡು ಬಾಣಲೆ ಕೆಳಗಿಳಿಸುತ್ತಾಳೆ. ತಮ್ಮನ ಹೆಸರಿಲ್ಲ. ವಸ್ತ್ರವಿನ್ಯಾಸದ ಹುಡುಗಿ ಅವನ ಕುರಿತೊಗಲಿನ ಕೋಟು ಕೇಳಿದಾಗಲೂ ಅಷ್ಟೇ, ಅದನ್ನ ಕೊಟ್ಬಿಟ್ರೆ ಅವನು ಏನ್ ಹಾಕ್ಕೋತಾನೆ? ಹುಡುಗಿ ಪಾಪ ತಲೆ ತಗ್ಗಿಸಿ ಹೊರಗೆ ಬಂದಳು. ಹೋದ ವಾರ ಜಿಬೇಕ್ ರೆಕಾರ್ಡರು ಹಿಡಿದು ಅವ್ವನ ಮುಂದೆ ಕೂತಿದ್ದಳು, ಅಪಾ, ಒಂದೆರಡೇ ಸಾಲು, ರಖಿಯಾ ಏಜೆ ಕಲಿಯೋಕೆ. ಯಾರಿಗೆ ಹಾಡ್ಲಿ? ಸುಮ್ನೆ, ಯಾರಿಗಾದ್ರೂ. ಯಾರಿಗಾದ್ರೂ ಅಂತ ಹಾಡಿದ್ರೆ ಯಾರಿಗಾದ್ರೂ ತಗಲುತ್ತೆ ಕಣೇ, ಇಷ್ಟು ಓದಿದೀಯ, ಇದು ಗೊತ್ತಿಲ್ವಾ? ಅಪಾ, ಅವನು ಸತ್ತಿದಾನೆ. ಅಂದುಬಿಟ್ಟಿದ್ದಳು, ಅಷ್ಟು ವರ್ಷದಲ್ಲಿ ಮೊದಲ ಸಲ, ಮುಖಕ್ಕೆ ಮುಖ ಕೊಟ್ಟು. ಅಪಾ ಅವಳ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದಳು, ಕುಡಿ, ಆರಿ ಹೋಗುತ್ತೆ. ಸಿಟ್ಟು ಬಂದಿತ್ತು, ಈಗಲೂ ಬರುತ್ತದೆ, ಒಂಬತ್ತು ವರ್ಷ ಕಾಯುವುದು ಪ್ರೀತಿಯಲ್ಲ, ಹಟ, ಊರೆಲ್ಲ ನಿನಗೆ ಹೆದರಿ ಅವನ ಹೆಸರೆತ್ತುವುದಿಲ್ಲ, ನಾನು ಮಾತ್ರ ಎತ್ತಬೇಕು, ಎತ್ತಿ ಸಿನಿಮಾ ಮಾಡಬೇಕು, ಆಮೇಲೆ ಅಕ್ಕ ಕಲ್ಲೆದೆಯವಳು.

ಇನ್ನೊಂದು ಕುದುರೆ. ಅದರ ಹಿಂದೆ ಮತ್ತೆರಡು, ಅದೇ ಓಟ, ಎಲ್ಲರೂ ಮುದುಕರು, ಒಬ್ಬನಂತೂ ತಡಿಯಿಲ್ಲದ ಕುದುರೆಯ ಮೇಲೆ ಹೇಗೋ ಜೋಲಿ ಹೊಡೆಯುತ್ತಿದ್ದಾನೆ, ಅವನು ನಮ್ಮೂರಜ್ಜ ಸತಾರ್ ಅತಾ ಅಲ್ಲವೇ, ಸೊಂಟ ನೋವೆಂದು ನಿನ್ನೆಯಷ್ಟೇ ಸಹಾಯಕ್ಕೆ ಬರಲಾರೆ ಅಂದವನು, ನಾನು ಸಿನಿಮಾದಲ್ಲಿ ಕುದುರೆ ಹತ್ತೋದು ಸತ್ತ ಮೇಲೇನೇ ಮಗಳೇ ಅಂದವನು, ಈಗ ನೋಡು. ಬೆರಳಿನ ಕಿಟಕಿಯನ್ನು ಅವಳು ಊರಿನತ್ತ ತಿರುಗಿಸಿದಳು, ಹೊಗೆ ಕಾಣಿಸಿತು, ಸಪೂರ, ನೆಟ್ಟಗೆ, ಅವರ ಮನೆಯ ಕಡೆಯಿಂದಲೇ, ಅದು ಗೊತ್ತಿದ್ದದ್ದೇ, ಚಿತ್ರೀಕರಣದ ಮುಂಚೆ ಕುರಿ ಕೊಯ್ದು ಹಿರಿಯರಿಂದ ಆಶೀರ್ವಾದ ಮಾಡಿಸಬೇಕು, ತಂಡದವರೆಲ್ಲ ಮಾಂಸ ತಿಂದು ಕೈಯೆತ್ತಿ ಆಮೀನ್ ಅನ್ನಬೇಕು, ಅದಿಲ್ಲದೆ ವೀತ್ಯಾ ಕೂಡ ಕ್ಯಾಮೆರಾ ಮುಟ್ಟುವುದಿಲ್ಲ, ರಷ್ಯನ್ ಆದರೇನು, ಅವನಿಗೇ ಹೆಚ್ಚು ನಂಬಿಕೆ. ಹೊಗೆಯ ಪಕ್ಕದಲ್ಲಿ ಬೂದು ಬಣ್ಣದ್ದು ಏನದು, ಗುಂಡಗೆ, ಮಾಡಿಗಿಂತ ಸ್ವಲ್ಪ ಮೇಲಕ್ಕೆ — ಗುಡಾರ. ಅಂಗಳದಲ್ಲಿ. ಕಲಾ ವಿಭಾಗದ ಆಜಾತ್ ಬೆಳಿಗ್ಗೆ ಫೋನು ಮಾಡಿದ್ದ, ಏಜೆ, ಹುಲ್ಲುಗಾವಲಲ್ಲಿ ಭಾಳ ಗಾಳಿ, ಗುಡಾರದ ಕಟ್ಟು ನಿಲ್ತಿಲ್ಲ, ಏನ್ ಮಾಡ್ಲಿ? ಅವಳು ಏನಂದಿದ್ದಳು, ಸಮ ನೆಲ ಎಲ್ಲಿ ಸಿಗುತ್ತೋ ಅಲ್ಲೇ ಎಬ್ಬಿಸಪ್ಪಾ, ಮಧ್ಯಾಹ್ನದೊಳಗೆ ನಂಗೆ ಒಳಗಿನ ಬೆಳಕು ನೋಡ್ಬೇಕು. ಬೆಳಕು. ಆಜಾತ್ ಬಿಷ್ಕೆಕ್ಕಿನಲ್ಲಿ ಬಹುಮಹಡಿ ಮನೆಯಲ್ಲಿ ಹುಟ್ಟಿ ಬೆಳೆದವನು, ಅವನಿಗೆ ಗುಡಾರವೆಂದರೆ ಪ್ರವಾಸಿಗರು ಮಲಗುವ ಜಾಗ, ಅವನನ್ನು ಅಂದು ಏನು ಪ್ರಯೋಜನ, ಅವಳು? ಅವಳು ಈ ಮಣ್ಣಿನಲ್ಲೇ ಹೊರಳಿದವಳು, ಮನೆ ಮುಂದೆ ಗುಡಾರ ಎದ್ದಿತೆಂದರೆ ಆ ಮನೆಯಲ್ಲಿ ಹೆಣವಿದೆ ಎಂದು ನಡೆಯಲು ಬಾರದ ಮಗುವಿಗೂ ಗೊತ್ತು, ಗುಡಾರ, ಕುರಿಯ ರಕ್ತ, ದೊಡ್ಡ ಕಡಾಯಿಯ ಹೊಗೆ, ನಿಂತಿರುವ ಲಾರಿಗಳು, ಇನ್ನೇನು ಬೇಕು ಊರಿಗೆ. ಇಷ್ಟು ಹೊತ್ತು ಸಾವಿನ ಮನೆಗೆ ಓಡುವವರನ್ನು ಚೌಕಟ್ಟಿನಲ್ಲಿಟ್ಟು ಬೆನ್ನು ಕಾಣಲಿ ಎನ್ನುತ್ತಿದ್ದೆ. ಕೈ ಕೆಳಗೆ ಬಿತ್ತು. ಆ ಮನೆಯಲ್ಲಿರುವುದು ಅಪಾ ಒಬ್ಬಳೇ, ಸತ್ತವಳು ಅಪಾ ಎಂದುಕೊಂಡಿದ್ದಾರೆ — ಇಲ್ಲ, ಅಪಾ ಬಾಗಿಲಲ್ಲೇ ನಿಂತಿರುತ್ತಾಳೆ, ಅವಳನ್ನು ನೋಡಿದ ಮೇಲೆ ಏನೆಂದುಕೊಳ್ಳುತ್ತಾರೆ, ಒಂದೇ ಅಲ್ಲವೇ ಉಳಿದದ್ದು, ಹಿಮ ಕರಗುವ ಕಾಲ, ಕಂಡಿಯಲ್ಲಿ ಸಿಕ್ಕಿದ್ದಾನೆ, ಕೊನೆಗೂ ಸಿಕ್ಕಿದ್ದಾನೆ. ಅಪಾ ಕೂಡ ಹಾಗೇ ಅಂದುಕೊಂಡಿದ್ದರೆ?

ಇಳಿಜಾರು, ಕಲ್ಲು, ಚಪ್ಪಲಿ ಯಾಕೆ ಹಾಕಿಕೊಂಡು ಬಂದೆ, ಬೂಟು ಹಾಕಬೇಕಿತ್ತು, ಜೀಪು ಕೆಳಗೆ ಸೇತುವೆಯ ಹತ್ತಿರ, ಬೀಗದ ಕೈ ಯಾವ ಜೇಬಲ್ಲಿ, ಈ ಜೇಬಲ್ಲಿ ಪೆನ್ಸಿಲ್ಲು, ಆ ಜೇಬಲ್ಲಿ ಒಣಗಿದ ಮೊಸರುಂಡೆ, ಎಲ್ದಿಯಾರ್ ಹೀಗೇ ಜೇಬು ತುಂಬ ಮೊಸರುಂಡೆ ಇಟ್ಟುಕೊಂಡು ಹೀರುತ್ತಿದ್ದ, ಮಾತಾಡುವಾಗಲೂ ಕೆನ್ನೆಯಲ್ಲಿ ಒಂದು ಗಂಟು, ಏಜೆ, ನೀನು ಸಿನಿಮಾ ಮಾಡ್ತೀಯಲ್ಲ, ನನ್ನನ್ನ ಯಾವಾಗ ಹಾಕ್ಕೋತೀಯ? ಮೊದಲು ಬಾಯಲ್ಲಿರೋದು ನುಂಗು, ಆಮೇಲೆ ಹೀರೋ ಆಗು. ಈಗ ಹಾಕಿಕೊಳ್ಳುತ್ತಿದ್ದೇನೆ ಕಣೋ. ಜೀಪು ಸಿಡುಕಿ ಹೊರಟಿತು. ಅಪಾಗೆ ಫೋನು ಮಾಡಲೇ, ಎತ್ತುವುದಿಲ್ಲ, ಆಜಾತ್‌ಗೆ ಮಾಡಿದಳು, ಅವನೂ ಎತ್ತಲಿಲ್ಲ, ಹೋಗಿ ಮೊದಲು ಅಪಾಳ ಕೈ ಹಿಡಿಯಬೇಕು, ಅಪಾ, ಯಾರೂ ಸಿಕ್ಕಿಲ್ಲ, ಇದು ಸಿನಿಮಾದ್ದು, ಅಂದರೆ ಏನಾಗುತ್ತದೆ, ಎಂಟ್ಹತ್ತು ನಿಮಿಷ ಮಗನ ಹೆಣ ಮನೆಗೆ ಬಂತೆಂದು ನಂಬಿದವಳಿಗೆ ಮತ್ತೆ ಕಾಯಲು ಹೇಳುವುದು ಹೇಗೆ, ಕಾದವಳನ್ನು ಹಟಮಾರಿ ಎಂದು ಬೈದದ್ದು ಇವಳೇ ಅಲ್ಲವೇ, ಈಗ ಕಾಯಿ ಎಂದು ಹೇಳುವವಳೂ ಇವಳೇ. ಜಾಣೆ ಇದ್ದೀಯ ಜಿಬೇಕ್. ಎಲ್ಲ ಸಿದ್ಧತೆ ಮಾಡಿಕೊಂಡೆ, ಯಾವ ಗಾಜಿನ ಮಸೂರ, ಯಾವ ಹೊತ್ತಿನ ನೆರಳು, ನಟನ ಕಾಲಿಗೆ ಯಾವ ಬೂಟು ಕಚ್ಚಿದರೆ ಕುಂಟುತ್ತಾನೆ, ಇದೊಂದು ಹೊಳೆಯಲಿಲ್ಲ. ಮುಂದೆ ಸೇತುವೆಯ ಮೇಲೆ ನಡೆದುಕೊಂಡೇ ಹೊರಟ ಹೆಂಗಸರು, ಬಿಳಿ ತಲೆವಸ್ತ್ರ, ಕೈಯಲ್ಲಿ ಗಂಟು, ರೊಟ್ಟಿಯದ್ದಿರಬೇಕು, ಜೀಪು ನೋಡಿ ದಾರಿ ಬಿಟ್ಟರು, ಅವಳ ಮುಖ ನೋಡಿ ಒಬ್ಬಳು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು, ಅಯ್ಯೋ ಮಗಳೇ ಅಂದದ್ದು ಗಾಜಿನಾಚೆಯಿಂದಲೂ ತಿಳಿಯಿತು. ನಿಲ್ಲಿಸಿ ಹೇಳಬೇಕಿತ್ತು, ಯಾರೂ ಸತ್ತಿಲ್ಲ ಚಿಕ್ಕಮ್ಮಾ ವಾಪಸ್ಸು ಹೋಗಿ ಅಂತ. ನಿಲ್ಲಿಸಲಿಲ್ಲ. ಯಾರೂ ಸತ್ತಿಲ್ಲ ಎಂಬ ಮಾತು ಅವಳ ಬಾಯಲ್ಲಿ ಹೇಗೆ ಬರಬೇಕು.

ಅಂಗಳದ ಬೇಲಿಗೆ ಕುದುರೆಗಳು ಕಟ್ಟಿವೆ, ಇನ್ನೂ ಬೆವರು ಆರಿಲ್ಲ, ಗುಡಾರದ ಬಾಗಿಲ ಬಲಕ್ಕೆ ಗಂಡಸರು ಸಾಲಾಗಿ ಕೋಲಿಗೆ ಒರಗಿ ಬಾಗಿ ನಿಂತಿದ್ದಾರೆ, ನನ್ನ ಕರುಳೇ, ಓ ನನ್ನ ಕರುಳೇ, ಹೊಸದಾಗಿ ಬಂದವನು ದೂರದಿಂದಲೇ ಕೂಗುತ್ತಾ ಓಡಿ ಬಂದು ಸತಾರ್ ಅತಾನ ಹೆಗಲ ಮೇಲೆ ಬಿದ್ದ, ಇಬ್ಬರ ಟೋಪಿಯೂ ವಾರೆಯಾಯಿತು. ಇದು ಅವಳು ಬರೆದ ದೃಶ್ಯವೇ, ಅಡುಗೆಮನೆಯ ಗೋಡೆಯಲ್ಲಿದೆ, ಅಲ್ಲಿ ಮೂರು ಜನ ಬರೆದಿದ್ದಳು, ಇಲ್ಲಿ ಅಂಗಳ ತುಂಬಿದೆ. ಆಜಾತ್ ಓಡಿ ಬಂದ, ಮುಖ ಸುಣ್ಣ ಬಳಿದ ಹಾಗಾಗಿದೆ, ಏಜೆ, ನಂಗೇನೂ ಗೊತ್ತಿಲ್ಲ ಏಜೆ, ನೀವೇ ಸಮ ನೆಲ ಅಂದ್ರಿ, ಇವರೆಲ್ಲ ಒಮ್ಮೆಲೇ ಅಳ್ತಾ ಬಂದ್ಬಿಟ್ರು, ನಾನು ಸಿನಿಮಾ ಸಿನಿಮಾ ಅಂತ ಕೂಗ್ದೆ, ಒಬ್ರು ನನ್ನನ್ನೇ ತಬ್ಬಿಕೊಂಡು ಅತ್ರು, ನಾನೂ ಅತ್ಬಿಟ್ಟೆ. ಅಪಾ ಎಲ್ಲಿ? ಅವನು ಗುಡಾರದತ್ತ ಕಣ್ಣು ಹಾಯಿಸಿದ. ಅವರಿಗೆ ಹೇಳಿದ್ಯಾ? ಹೇಳ್ದೆ ಏಜೆ, ಮೊದಲೇ ಹೇಳ್ದೆ, ಕೇಳಿಸ್ಕೊಂಡ್ರೋ ಇಲ್ವೋ — ಅವನ ಮಾತು ಮುಗಿಯುವ ಮುಂಚೆಯೇ ಅದು ಬಂತು, ಒಳಗಿನಿಂದ, ಕಂಬಳಿಯ ದಪ್ಪ ಗೋಡೆಯನ್ನು ಹಾದು. ಮೊದಲು ಗುರುತೇ ಸಿಗಲಿಲ್ಲ. ಅಷ್ಟು ವರ್ಷ ಬಳಸದ ದನಿ, ಒರಟು, ಅಲ್ಲಲ್ಲಿ ಕಿತ್ತುಹೋಗಿತ್ತು, ತಡಿ ತಂತು ಕುದುರೆ, ಕೂತವನ ತರಲಿಲ್ಲ, ಕಣಿವೆ ಹಸುರಾಯಿತು ಒಂಬತ್ತು ಬಾರಿ, ನನ್ನ ಮರಿಯ ಗುರುತಿಲ್ಲ. ಗಂಡಸರ ಸಾಲು ಮುಂಚಿಗಿಂತ ಜೋರಾಗಿ ಅತ್ತಿತು. ಬೇಕಾಗಿದ್ದದ್ದು ಇದೇ, ಇಷ್ಟು ದಿನ ರೆಕಾರ್ಡರು ಹಿಡಿದು ಬೇಡಿದ್ದು ಇದನ್ನೇ, ಖುಷಿ ಪಡು ಜಿಬೇಕ್. ಬಾಗಿಲ ಕಂಬಳಿ ಸರಿಸಿ ಒಳಗೆ ನುಗ್ಗಿದಳು.

ಒಳಗೆ ಮಬ್ಬು, ನೆತ್ತಿಯ ತೂತಿನಿಂದ ಒಂದೇ ಕೋಲು ಬೆಳಕು, ಬಾಗಿಲ ಪಕ್ಕದಲ್ಲಿ ವೀತ್ಯಾ, ಬೆಳಕು ಪರೀಕ್ಷಿಸಲು ಇಟ್ಟಿದ್ದ ಕ್ಯಾಮೆರಾ ಅಲ್ಲೇ ಇದೆ, ಅದರ ಕೆಂಪು ಚುಕ್ಕೆ ಉರಿಯುತ್ತಿದೆ, ಅವನು ಕಣ್ಣಲ್ಲೇ ಕೇಳಿದ, ಇರ್ಲಾ, ನಿಲ್ಲಿಸ್ಲಾ? ಅವಳು ಕೈ ಬೀಸಿದಳು, ಚುಕ್ಕೆ ಆರಿತು, ಅದು ಒಂದಾದರೂ ಕೈಲಾಯಿತು. ಬಲಗಡೆ ಹೆಣದ ಮರೆಗೆ ಕಟ್ಟುವ ಪರದೆ, ಆಜಾತ್‌ನ ಹುಡುಗಿಯರು ಕಟ್ಟಿದ್ದು, ಅದರ ಹಿಂದೆ ಏನೂ ಇಲ್ಲ, ಅಂಗಳದ ತುಳಿದ ಹುಲ್ಲು. ಪರದೆಯ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಅಪಾ, ಎರಡೂ ಮುಷ್ಟಿ ಸೊಂಟಕ್ಕೆ ಊರಿ, ನೆಟ್ಟಗೆ, ಹೆತ್ತ ಮಗನಿಗೆ ಅಳುವವಳು ಕೂರುವ ಹಾಗೆ. ಎಡಕ್ಕೆ ರಖಿಯಾ ಏಜೆ, ಅಭಿನಯವೆಲ್ಲ ಮರೆತು ಮೂಗು ಸುರಿಸುತ್ತಾ ಸಣ್ಣ ಹುಡುಗಿಯ ಹಾಗೆ ಅಳುತ್ತಿದ್ದಾರೆ. ಬಲಕ್ಕೆ ಖಾಲಿ, ಅದು ಸತ್ತವನ ಅಕ್ಕನ ಜಾಗ. ಜಿಬೇಕ್ ಅಲ್ಲಿ ಕೂರಲಿಲ್ಲ, ಹಿಂದಿನಿಂದ ಬಾಗಿ ಅವ್ವನ ಕಿವಿಯ ಹತ್ತಿರ ಬಾಯಿಟ್ಟಳು, ಅಪಾ, ಅಪಾ ಕೇಳು, ಯಾರೂ ಸಿಕ್ಕಿಲ್ಲ, ಇದು ಸಿನಿಮಾದ ಗುಡಾರ, ನಾನೇ ತಪ್ಪು ಮಾಡಿದೆ, ನಿಲ್ಲಿಸು. ಅಪಾ ಸಾಲು ಮುಗಿಸಿ ಉಸಿರು ತೆಗೆದುಕೊಂಡಳು, ತಿರುಗಲಿಲ್ಲ. ಗೊತ್ತು. ಆ ಹುಡುಗ ಹೇಳ್ದ. ಮತ್ಯಾಕೆ ಅಪಾ? ಗುಡಾರ ಎಬ್ಬಿಸಿದ್ದಾಯ್ತು, ಜನ ಬಂದದ್ದಾಯ್ತು, ಸತಾರ್‌ನಂಥ ಸೊಂಟ ಹಿಡಿದೋನು ಕುದುರೆ ಮೇಲೆ ಬಂದು ಅತ್ತಿದ್ದಾಯ್ತು, ಈಗ ಏನೂ ಇಲ್ಲ ಮನೆಗೆ ಹೋಗ್ರಪ್ಪಾ ಅನ್ಲಾ? ನಂಗೆ ನಾನಾಗೇ ಎಬ್ಬಿಸೋ ಧೈರ್ಯ ಇರ್ಲಿಲ್ಲ ಕಣೇ. ಯಾರಾದ್ರೂ ಎಬ್ಬಿಸ್ತಾರೇನೋ ಅಂತ ನೋಡ್ತಾ ಇದ್ದೆ. ಯಾರಿಗೂ ಆ ಧೈರ್ಯ ಬರ್ಲಿಲ್ಲ. ನೀನೇ ಎಬ್ಬಿಸ್ದೆ, ಒಳ್ಳೇದಾಯ್ತು. ಕೂತ್ಕೋ. ತಲೆ ಬಟ್ಟೆ ಬಿಚ್ಚಿ ಕೂತ್ಕೋ, ಅವನ ಅಕ್ಕ ನೀನು.

ಹಾಡು ಮತ್ತೆ ಶುರುವಾಯಿತು, ಈ ಸಲ ಹೆಸರು ಹಿಡಿದು, ಎಲ್ದಿಯಾರ್, ನನ್ನ ಎಲ್ದಿಯಾರ್, ಅಪಾಳ ಬಾಯಲ್ಲಿ ಆ ಹೆಸರು ಸತ್ತವರ ಹೆಸರಾಯಿತು, ಕೇಳಿದವರೆಲ್ಲರ ಕಿವಿಯಲ್ಲಿ ಆಯಿತು, ಇನ್ನು ವಾಪಸ್ಸಿಲ್ಲ, ಮುಂದಿನ ಗುರುವಾರ ಎಣ್ಣೆಯ ಹೊಗೆಯಲ್ಲಿ ಅವನೂ ಬರುತ್ತಾನೆ, ಕೋಟು ಯಾರಿಗೋ ಹೋಗುತ್ತದೆ, ಸತಾರ್ ಅತಾನ ಮೊಮ್ಮಗನಿಗೆ ಸರಿಹೋಗಬಹುದು, ಸರಿ, ಇದೇ ಸರಿ, ಮೊದಲ ವಾರದಿಂದಲೂ ನಾನು ಹೇಳಿದ್ದು ಇದನ್ನೇ — ಬೇಡ. ಯಾರಂದದ್ದು? ಅಪಾ, ಬೇಡ, ಹಾಡಬೇಡ, ಅವನು ಬರಬಹುದು. ಅವಳದೇ ದನಿ. ಎಲ್ಲಿ ಇತ್ತು ಇದು, ಇಷ್ಟು ವರ್ಷ ಯಾವ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು, ಅವನು ಬರಬಹುದು ಅಪಾ, ಕಂಡಿಯ ಆಚೆ ಇಳಿದಿರಬಹುದು, ಆಚೆ ದೇಶದಲ್ಲಿ ಯಾರಾದರೂ ಇಟ್ಟುಕೊಂಡಿರಬಹುದು, ಯಾರೂ ನೋಡಿಲ್ಲವಲ್ಲ, ಹೆಣ ಯಾರೂ ನೋಡಿಲ್ಲ. ಸತ್ತಿದ್ದಾನೆ ಎಂದು ಅಷ್ಟು ಧೈರ್ಯವಾಗಿ ಹೇಳಿದ್ದು, ಬರೆದದ್ದು, ಖಾಲಿ ಹಾಳೆ ಅಂಟಿಸಿ ಇದು ಹಿಮ ಎಂದದ್ದು, ಎಲ್ಲ ಅಪಾ ಒಬ್ಬಳು ಮನೆಯಲ್ಲಿ ಕಾಯುತ್ತಿದ್ದಾಳೆ ಎಂಬ ಭರವಸೆಯ ಮೇಲೆ, ಇವಳು ಕಾಯುವವರೆಗೆ ಅವನು ಎಲ್ಲೋ ಒಂದು ಕಡೆ ಇದ್ದ, ಬಾಯಲ್ಲಿ ಮೊಸರುಂಡೆ ಇಟ್ಟುಕೊಂಡು, ಇನ್ನು ಯಾರು ಕಾಯಬೇಕು, ಅಪಾ, ಒಂದು ಸಲ ತಿರುಗು, ನನ್ನ ಮುಖ ನೋಡು, ಇಲ್ಲ ಅನ್ನು, ಹಟ ಮಾಡು, ಚಹಾ ಹಾಕು. ಅಪಾ ತಿರುಗಲಿಲ್ಲ. ಗೋಡೆಗೆ ಹಾಡಿದಳು. ಬೆನ್ನು, ಸೊಂಟಕ್ಕೆ ಊರಿದ ಎರಡು ಮುಷ್ಟಿ, ಬಲಕ್ಕೆ ಖಾಲಿ ಜಾಗ, ಅಡುಗೆಮನೆ ಗೋಡೆಯ ಮೇಲೆ ಇಲ್ಲದ ಚೌಕ ಇದೇ. ಕೂರಬೇಕು. ಕೂತರೆ ಮುಗಿಯಿತು. ಹೊರಗೆ ಇನ್ನೊಂದು ಕುದುರೆ ಬಂದು ನಿಂತಿತು, ಯಾರೋ ಕರುಳೇ ಎಂದು ಕೂಗಿದರು, ಅವಳು ಒಂದು ಹೆಜ್ಜೆಯೂ ಇಡಲಿಲ್ಲ, ಬೆನ್ನು, ಎರಡು ಮುಷ್ಟಿ, ಖಾಲಿ ಜಾಗ, ಬೆನ್ನು, ಎರಡು ಮುಷ್ಟಿ —